ಹುಳುವಿಗಲ್ಲ, ಮನೆಗೆ ಜ್ವರ

ಹೊಸದಾಗಿ ರೇಷ್ಮೆ ಇಲಾಖೆಗೆ ಸೇರಿರುವ ನಿಮಗೆ ತರಬೇತಿಯಲ್ಲಿ ಎಲ್ಲವನ್ನೂ ಕಲಿಸಿಯೇ ಕಳಿಸಿರುತ್ತಾರೆ. ಹಿಪ್ಪುನೇರಳೆಯ ತಳಿಗಳು, ಹುಳುವಿನ ರೋಗಗಳು, ಸುಣ್ಣ ಎಷ್ಟು, ಔಷಧಿ ಎಷ್ಟು ಎಲ್ಲವೂ ಬಾಯಲ್ಲಿ ಪಟಪಟ ಬರುತ್ತದೆ. ಆದರೆ ಮಳವಳ್ಳಿ ಕಡೆಯ ಯಾವುದೋ ಹಳ್ಳಿಯಲ್ಲಿ ಮೊದಲ ದಿನ ಗಾಡಿ ನಿಲ್ಲಿಸಿದಾಗ, ಹೆಂಗಸೊಬ್ಬಳು ನಗುನಗುತ್ತ "ನಮ್ಮನೇಲಿ ಎಲ್ಲಾ ಜ್ವರಕ್ ಕುಂತವೆ ಕಣಮ್ಮ, ನಾಳೀಕ್ ಎದ್ದೇಳ್ತವೆ" ಅಂದರೆ ಗಾಬರಿಯಾಗಬೇಡಿ. ಅಲ್ಲಿ ಯಾರ ಮೈಯೂ ಬಿಸಿಯಾಗಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಮಿಸುಕಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳುವಿನ ಆಯುಸ್ಸಿನಲ್ಲಿ ಇಂಥವು ನಾಲ್ಕು. ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನಂತೆ ತಿಂದು, ಮೈ ಹಳದಿಗೆ ತಿರುಗಿ ಹಣ್ಣಾಗಿ, ಗೂಡು ಕಟ್ಟುತ್ತದೆ. ಈ ಒಂದು ಪದದ ಕಥೆ ಹೇಳಲೆಂದೇ ಬರೆಯಲು ಕೂತಿದ್ದೇನೆ. ನಡುವೆ ಬೇರೆ ಮಾತೂ ಬರುತ್ತದೆ. ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ.

ರೈತರಿಗೆ ಹುಳು ಸಾಕುವ ರೀತಿ ತೋರಿಸಿಕೊಡುವ ಪ್ರದರ್ಶಕಿಯಾಗಿ ನಾನು ಕೆಲಸಕ್ಕೆ ಸೇರಿದ್ದು ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ. ನನ್ನ ಮೇಲಿನ ನಿರೀಕ್ಷಕರು ರಾಮಲಿಂಗಯ್ಯನವರು. ಅವರಿಗೆ ನಶ್ಯದ ಚಟ. ರೇಷ್ಮೆ ಹುಳುವಿಗೋ ಹೊಗೆಸೊಪ್ಪಿನ ಗಾಳಿ ಸೋಕಿದರೂ ಆಗದು. ಹಾಗಾಗಿ ಅವರು ಪ್ರತಿ ಊರಿನ ಟೀ ಅಂಗಡಿಯಲ್ಲಿ ನಶ್ಯದ ಡಬ್ಬಿ ಬಿಟ್ಟು, ಕೈ ಮುಖ ತೊಳೆದು, ಹೊಸ ಅಳಿಯನ ಹಾಗೆ ಶುಭ್ರವಾಗಿ ಹುಳುಮನೆಗೆ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾವ ಡಬ್ಬಿ ಯಾವ ಊರಲ್ಲಿದೆ ಎಂದು ಮರೆತು, ನನ್ನನ್ನು ಹುಡುಕಲು ಅಟ್ಟುತ್ತಿದ್ದರು. ನಾನು ಮೊಪೆಡ್ ಓಡಿಸುವುದನ್ನು ಚೆನ್ನಾಗಿ ಕಲಿತದ್ದು ಆ ಡಬ್ಬಿಗಳಿಂದಲೇ.

ಅವರು ಕಲಿಸಿದ ಪಾಠ ಮಾತ್ರ ಇವತ್ತಿಗೂ ಸವೆದಿಲ್ಲ. "ಹುಳುಮನೆ ಬಾಗಿಲಲ್ಲಿ ನಿಂತು ಮೊದಲು ಮೂಗು ಕೆಲಸ ಮಾಡಬೇಕು. ಆಮೇಲೆ ಕಿವಿ, ಆಮೇಲೆ ಕಣ್ಣು. ಬಾಯಿ ಕಟ್ಟಕಡೆಗೆ. ನಿಂದಂತೂ ತೆಗೀಲೇಬೇಡ ತಾಯಿ" ಎನ್ನುತ್ತಿದ್ದರು. ಮೂಗಿಗೆ ಕೆಟ್ಟ ವಾಸನೆ ಬಂದರೆ ರೋಗ. ಕಿವಿಗೆ ಬೇಕಾದದ್ದು ಒಂದೇ ಸದ್ದು. ಚೆನ್ನಾಗಿರುವ ಹುಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಸದ್ದು ಬರುತ್ತದೆ. ಮೊದಲ ಸಲ ಅದನ್ನು ಕೇಳಿದ ದಿನ ನಾನು ಹೊರಗೆ ಓಡಿ ಮೊಪೆಡ್ಡಿನ ಸೀಟು ಒದ್ದೆಯಾಯಿತೇ ಎಂದು ನೋಡಿ ಬಂದಿದ್ದೆ.

ಆಗ ಹುಳುವಿಗೆಂದು ಬೇರೆ ಮನೆ ಇರಲಿಲ್ಲ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು. ನಡುಮನೆಯ ತುಂಬ ಬಿದಿರಿನ ತಟ್ಟೆಗಳಲ್ಲಿ ಹುಳು, ಜಗಲಿಯ ಮೇಲೆ ಮನೆಯವರು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತಿತ್ತು. ಬರುಬರುತ್ತ ಪದ್ಧತಿ ಬದಲಾಯಿತು. ಮೊಟ್ಟೆಯ ಬದಲು ಎರಡನೇ ಜ್ವರ ದಾಟಿದ ಮರಿಗಳೇ ಕೊಳ್ಳಲು ಸಿಗತೊಡಗಿದವು. ಎಲೆ ಬಿಡಿಸಿ, ಕತ್ತರಿಸಿ ಹಾಕುವುದು ಹೋಗಿ ರೆಂಬೆಯನ್ನೇ ಹಾಕುವ ರೂಢಿ ಬಂತು. ಹೆಂಗಸರ ಸೊಂಟಕ್ಕೆ ಬಿಡುವು ಸಿಕ್ಕಿತು. ತೋಟದ ಪಕ್ಕದಲ್ಲಿ ಶೀಟು ಹೊದಿಸಿದ ಬೇರೆ ಹುಳುಮನೆಗಳು ಎದ್ದವು. ಎಲ್ಲವೂ ಒಳ್ಳೆಯದೇ ಆಯಿತು. ಆದರೆ ಅದೇ ಹೊತ್ತಿಗೆ ಬೇಸಿಗೆ ತನ್ನ ಮರ್ಯಾದೆ ಬಿಟ್ಟಿತು. ಯುಗಾದಿ ಕಳೆದ ಮೇಲೆ ಏರುತ್ತಿದ್ದ ಬಿಸಿಲು ಶಿವರಾತ್ರಿಗೆ ಮುಂಚೆಯೇ ನೆತ್ತಿ ಸುಡತೊಡಗಿತು. ಮಳೆ ಬೇಕಾದಾಗ ನಾಪತ್ತೆ, ಬೇಡದಾಗ ಹಾಜರು. ಹುಳು ಎಂದರೆ ಸೆಖೆಯೂ ತಡೆಯದ, ಥಂಡಿಯೂ ತಡೆಯದ ಜೀವ. ಶೀಟಿನ ಕೆಳಗೆ ಅದು ಬೇಯತೊಡಗಿತು.

ಇದರ ಬಗ್ಗೆ ಮಂಡ್ಯದಲ್ಲಿ ಒಂದು ತರಬೇತಿ ಇಟ್ಟಿದ್ದರು. ವೇದಿಕೆಯ ಹಿಂದೆ "ಹವಾಮಾನ ಬದಲಾವಣೆ ಮತ್ತು ರೇಷ್ಮೆ" ಎಂದು ದೊಡ್ಡ ಬ್ಯಾನರು. ನಮ್ಮ ಕಡೆ ಹಕಾರ ಬಾಯಿಗೆ ಹತ್ತುವುದು ಅಷ್ಟಕ್ಕಷ್ಟೇ ಎಂಬುದು ನಿಮಗೆ ಗೊತ್ತಲ್ಲ. ಮದ್ದೂರು ಕಡೆಯ ಕೆಂಚಪ್ಪ ಎಂಬ ರೈತ ಎದ್ದು ನಿಂತು, ಬಹಳ ಗಂಭೀರವಾಗಿ ಕೇಳಿದ.

"ಸಾ, ಈ ಅವಮಾನ ಬದಲಾವಣೆ ಎಲ್ ಸಿಕ್ತದೆ? ನಮ್ಮನೇಲಿ ಮದ್ವೆ ಆದಾಗ್ಲಿಂದ ಒಂದೇ ತರದ ಅವಮಾನ. ಬದಲಾದ್ರೆ ವಾಸಿ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪಾಠ ಮಾಡಲು ಬಂದಿದ್ದ ವಿಜ್ಞಾನಿಯೇ. ಕಣ್ಣೊರೆಸಿಕೊಂಡು ಪರದೆಯ ಮೇಲಿನ ಚಿತ್ರ ಆರಿಸಿ, "ಅವಮಾನ ನಿಮ್ಮ ಮನೆಯವರು ನೋಡಿಕೊಳ್ಳಲಿ, ಹವಾಮಾನ ನಿಮ್ಮಲ್ಲಿ ಹೇಗೆ ಬದಲಾಗಿದೆ ಹೇಳಿ" ಎಂದರು. ಆಮೇಲೆ ನೋಡಿ, ಮಾತು ಹರಿಯಿತು. ಒಬ್ಬ ಶೀಟಿನ ಮೇಲೆ ಸುಣ್ಣ ಬಳಿದಿದ್ದ. ಇನ್ನೊಬ್ಬಳು ಬಿಸಿಲೇರುವ ಮುಂಚೆಯೇ ಸೊಪ್ಪು ಕುಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡುತ್ತಿದ್ದಳು. ಆ ವಿಜ್ಞಾನಿಯೂ ಯಾವ ತಳಿ ಎಷ್ಟು ಸೆಖೆ ತಡೆಯುತ್ತದೆ ಎಂದು ಬಿಡಿಸಿ ಹೇಳಿದರು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ. ನಮ್ಮ ಮಂಡ್ಯದಲ್ಲಿ ಇದು ನಂಬುವ ಮಾತಲ್ಲ, ಅದೂ ಅವತ್ತು ಮುದ್ದೆ ಬಸ್ಸಾರು ಇದ್ದಾಗ.

ಅಲ್ಲಿಂದ ಬಂದವಳೇ ನಾನು ಹೋದ ಕಡೆಯಲ್ಲೆಲ್ಲ "ನೆರಳು ಮಾಡಿ, ನೆರಳು ಮಾಡಿ" ಎಂದು ಒದರತೊಡಗಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಒಬ್ಬರು ನನ್ನ ಮಾತು ಕೇಳಿ ದೊಡ್ಡ ಹುಣಸೆಮರದ ಬುಡದಲ್ಲೇ ಹುಳುಮನೆ ಕಟ್ಟಿದರು. ಮನೆ ತಂಪು ಎಂದರೆ ತಂಪು. ಆದರೆ ಹಕ್ಕಿಗಳು ಬಂದು ಗೂಡು ಕಟ್ಟುವ ಕಾಲಕ್ಕೆ ಆ ಮರದ ತುಂಬ ಕೊಕ್ಕರೆ ಸಂಸಾರ. ತಾಯಿ ಕೊಕ್ಕರೆ ತಂದ ಮೀನು ಮರಿಯ ಬಾಯಿ ತಪ್ಪಿ ಮಾಡಿನ ಮೇಲೆ ಪಟ್ ಎಂದು ಬೀಳುವುದು, ಆ ವಾಸನೆಗೆ ಊರಿನ ಬೆಕ್ಕುಗಳೆಲ್ಲ ಮಾಡು ಹತ್ತುವುದು. ಮನೆಯ ಯಜಮಾನ ನನ್ನನ್ನು ಕಂಡಾಗಲೆಲ್ಲ "ಬನ್ನಿ ಮೇಡಮ್ಮ, ನೆರಳು ಕೊಟ್ರಿ, ಮೀನೂ ಕೊಟ್ರಿ, ಇನ್ನು ಮಸಾಲೆ ಅರಿಯೋರ್ ಒಬ್ರು ಬೇಕು" ಎನ್ನುತ್ತಿದ್ದರು. ಹಕ್ಕಿಗಳನ್ನು ಓಡಿಸಿ ಎಂದು ಆ ಊರಲ್ಲಿ ಯಾರೂ ಬಾಯಿ ತೆಗೆಯುವುದಿಲ್ಲ, ಮನೆಮಗಳು ಬಾಣಂತನಕ್ಕೆ ಬಂದಂತೆ ನೋಡಿಕೊಳ್ಳುತ್ತಾರೆ. ಕೊನೆಗೆ ಮಾಡಿನ ಮೇಲೊಂದು ಚಪ್ಪರ ಹಾಕಿಸಿ, ಬಳ್ಳಿ ಹಬ್ಬಿಸಿ ರಾಜಿ ಮಾಡಿದೆ.

ಈಗ ಜಯಮ್ಮನ ಕಥೆಗೆ ಬರುತ್ತೇನೆ. ನಿವೃತ್ತಿ ಹತ್ತಿರವಾದಾಗ ನಾನು ಮಳವಳ್ಳಿ ತಾಲ್ಲೂಕಿನಲ್ಲಿದ್ದೆ. ಕಿರುಗಾವಲಿನಿಂದ ಸ್ವಲ್ಪ ಒಳಗೆ ಹೋದರೆ ಒಂದು ಹಳ್ಳಿ. ನಾಲೆ ನೀರಿನ ಊರು, ಕಣ್ಣು ಹಾಯಿಸಿದಷ್ಟೂ ಕಬ್ಬು. ಜಯಮ್ಮ ಆ ಊರಿನ ಪುಟ್ಟಸ್ವಾಮಿಯನ್ನು ಮದುವೆಯಾಗಿ ಬಂದವಳು. ತವರಿನಲ್ಲಿ ಹುಳು ಸಾಕುತ್ತಿದ್ದರು, ಗಂಡನ ಮನೆಯಲ್ಲಿ ಕಬ್ಬು ಬಿಟ್ಟು ಇನ್ನೊಂದನ್ನು ಕಂಡವರಿಲ್ಲ. ನಾಲೆಯಲ್ಲಿ ನೀರು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ಭರವಸೆ ಹೋದಾಗ, ಕಬ್ಬಿಗಿಂತ ಕಮ್ಮಿ ನೀರು ಕೇಳುವ ಹಿಪ್ಪುನೇರಳೆ ಹಾಕೋಣ ಎಂದು ಜಯಮ್ಮ ಹಟ ಹಿಡಿದು ಮನೆಯ ಹಿಂದಿನ ಒಂದು ತಾಕು ಗಿಟ್ಟಿಸಿಕೊಂಡಳು. ಪುಟ್ಟಸ್ವಾಮಿ ಒಪ್ಪಿದ್ದು ಅರೆಮನಸ್ಸಿನಿಂದ. ಹುಳುಮನೆ ಕಟ್ಟಿಕೊಟ್ಟ, ಆದರೆ ಅದರ ಹೊಸಿಲು ದಾಟಲಿಲ್ಲ. ಯಾರಾದರೂ ಕೇಳಿದರೆ "ಅದು ಅವಳ ಉಳ, ಅವಳ ಸೊಪ್ಪು, ನಂಗ್ ಗೊತ್ತಾಕಿಲ್ಲ" ಎಂದು ಕೈ ಕೊಡವುತ್ತಿದ್ದ.

ಮೊದಲ ಬೇಸಿಗೆಯ ಬೆಳೆ ಸೆಖೆಗೆ ಸಿಕ್ಕಿ ಕೈಕೊಟ್ಟಿತು. ಹುಳುಗಳೆಲ್ಲ ಸಪ್ಪೆರೋಗ ಹಿಡಿದು ಸತ್ತವು. ಮುಂದಿನ ಬೇಸಿಗೆಗೆ ಮುಂಚೆಯೇ ಪುಟ್ಟಸ್ವಾಮಿ ಖಡಾಖಂಡಿತವಾಗಿ ಹೇಳಿಬಿಟ್ಟ.

"ಈ ಸಲಾನೂ ಕೆಟ್ರೆ ಸೊಪ್ಪಿನ ಕಡ್ಡಿ ಕೀಳ್ಸಿ ಕಬ್ಬು ನೆಡಾದೇಯ. ಮುಂಗಾರು ಸುರುವಾದ್ ಕೂಡ್ಲೇ ಬಾ ಅಂತ ಟ್ಯಾಕ್ಟರ್‌ನೋನಿಗೂ ಯೋಳ್ಬುಟ್ಟಿವ್ನಿ."

ಜಯಮ್ಮ ಅವತ್ತು ನನ್ನೆದುರು ಕೂತು ಅತ್ತಳು. "ಮೇಡಮ್ಮ, ಕಬ್ಬು ಅವ್ರುದು, ಅಸ ನಮ್ಮತ್ತೇದು, ಮನೆ ಮಾವುಂದು. ಈ ಉಳೊಂದೇ ನಂದು ಅಂತ ಇರಾದು. ಇದೂ ಓದ್ರೆ ಈ ಮನೇಲಿ ನಾನು ಬರೀ ಮುದ್ದೆ ತಿರುವೋಳು" ಎಂದಳು. ಬೆಳೆ ಕೆಡಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಬಿಸಿಲಿನ ಪರವಾಗಿ ಮಾತು ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ, ಆದರೂ ಕೊಟ್ಟೆ.

ಯುಗಾದಿ ಕಳೆದು ಬಿಸಿಲು ಕೆಂಡವಾದಾಗ ಜಯಮ್ಮನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಅಲ್ಲಿಯವರೆಗೆ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ ಹೇಗೋ ತಂಪು ಕಾಪಾಡಿದ್ದಳು. ಇಲ್ಲೊಂದು ಪೇಚಿದೆ, ನೀವು ಚೆನ್ನಾಗಿ ನೆನಪಿಡಿ. ಜ್ವರಕ್ಕೆ ಕೂತ ಹುಳುವಿಗೆ ಒಳಗೆ ತೇವ ಆಗದು. ಗಾಳಿ ಒಣಗಿರಬೇಕು, ಸದ್ದಿರಬಾರದು, ಅಲುಗಾಟವಿರಬಾರದು. ಅಂದರೆ ಒದ್ದೆ ಗೋಣಿ ಬಿಚ್ಚಲೇಬೇಕು. ಬಿಚ್ಚಿದರೆ ಸೆಖೆ ಒಳಗೆ ನುಗ್ಗುತ್ತದೆ. ಅವಳ ಫೋನು ಬಂದಾಗ ನಾನು ಮಳವಳ್ಳಿಯಲ್ಲಿದ್ದೆ. ಓಡಿ ಹೋಗಿ ಬಾಗಿಲಲ್ಲಿ ನಿಂತರೆ ಮೂಗಿಗೆ ಇನ್ನೂ ಕೆಟ್ಟ ವಾಸನೆ ಇಲ್ಲ, ಆದರೆ ಶೀಟಿನಿಂದ ಇಳಿಯುವ ಝಳಕ್ಕೆ ನನ್ನ ಕನ್ನಡಕವೇ ಬಿಸಿಯಾಯಿತು.

ಆ ಹೊತ್ತಿಗೆ ಅಂಗಳಕ್ಕೆ ಬಂದವಳು ಸಿಸ್ಟರ್ ಸುಜಾತಾ. ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಹುಡುಗಿ, ಕರಾವಳಿಯ ಕಡೆಯವಳು. ಮುಖಕ್ಕೆ ಮಾಸ್ಕು, ಹೆಗಲಿಗೆ ಔಷಧಿ ಚೀಲ, ಕೈಯಲ್ಲಿ ಹಣೆಗೆ ಹಿಡಿದು ಜ್ವರ ನೋಡುವ ಗನ್ನು. ಬೆಳಿಗ್ಗೆ ತಾಯಂದಿರ ಸಭೆಗೆ ಜಯಮ್ಮ ಹೋಗಿರಲಿಲ್ಲ. "ನಮ್ಮನೇಲಿ ಎಲ್ಲಾ ಜ್ವರಕ್ ಕುಂತವೆ, ಒಂದೂ ಬಾಯ್ಗೇನೂ ಮುಟ್ಸಿಲ್ಲ, ಬರಕಾಗಾಕಿಲ್ಲ" ಎಂದು ಪಕ್ಕದ ಮನೆಯವಳ ಕೈಲಿ ಹೇಳಿ ಕಳಿಸಿದ್ದಳು. ನಮ್ಮ ಕಡೆ ಮಕ್ಕಳಿಗೂ 'ಕುಂತವೆ' ಎಂದೇ ಹೇಳುವುದರಿಂದ ಆ ಹುಡುಗಿ ಮಕ್ಕಳೆಂದೇ ತಿಳಿದು ಓಡಿ ಬಂದಿದ್ದಳು.

"ಎಷ್ಟು ಮಕ್ಕಳಿಗೆ ಜ್ವರ ಮಾರಾಯ್ರೆ? ಎಲ್ಲಿ ಮಲಗಿಸಿದ್ದೀರಿ?" ಎಂದು ಕೇಳಿದಳು.

"ಎಣಿಸೋರ್ ಯಾರವ್ವ? ಸಾವ್ರಾರು ಅವೆ" ಎಂದಳು ಜಯಮ್ಮ, ತಲೆ ಕೆಟ್ಟಿದ್ದವಳು.

ಸಿಸ್ಟರ್ ಚೀಲವನ್ನು ಕೆಳಗಿಟ್ಟುಬಿಟ್ಟಳು. ಅಂಥ ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ವಿಷಯ ತಿಳಿಸಿ, ಪಿಸುಮಾತಿನಲ್ಲಿ ಒಳಗೆ ಕರೆದು ತೋರಿಸಿದೆ. ತಲೆ ಎತ್ತಿ ಕೂತ ಹುಳುಗಳ ಸಾಲನ್ನು ನೋಡಿ ಅವಳೂ ಬಾಯಿ ಮುಚ್ಚಿಕೊಂಡು ನಕ್ಕಳು. ಮತ್ತೆ ಸುಮ್ಮನೆ ತಮಾಷೆಗೆಂದು ಗನ್ನನ್ನು ಮೇಲಿನ ಶೀಟಿಗೆ ಹಿಡಿದಳು. ಅದು ಕೆಂಪು ದೀಪ ಹತ್ತಿಸಿ ಕಿರುಚಿತು. ಮೂವರೂ ಹೊರಗೆ ಓಡಿ ಬಂದೆವು.

"ಹುಳುವಿಗಲ್ಲ, ನಿಮ್ಮ ಮನೆಗೇ ಜ್ವರ ಬಂದಿದೆ" ಎಂದಳು ಸಿಸ್ಟರ್.

ಪುಟ್ಟಸ್ವಾಮಿ ಅಲ್ಲೇ ಗದ್ದೆಯ ಬದುವಿನ ಮೇಲೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದ. ಕಬ್ಬು ಕಡಿದ ಮೇಲೆ ನೆಲದ ತುಂಬ ಉಳಿಯುವ ಒಣ ಗರಿಗೆ ತರಗು ಅನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚುವುದು ಅಲ್ಲಿಯ ವಾಡಿಕೆ. ನಮ್ಮ ಮಾತು ಕಿವಿಗೆ ಬಿದ್ದು ಅವನು ಅಣಕಿಸಿದ.

"ಮನೆಗ್ ಜ್ವರ ಬಂದ್ರೆ ಅಣೆ ಮ್ಯಾಲೆ ಒದ್ದೆ ಬಟ್ಟೆ ಆಕ್ಬೇಕೇನೋ, ಅಲ್ವಾ ಸಿಸ್ಟರ್?"

ಅವನು ನಗುತ್ತಿದ್ದ. ನನಗೆ ನಗು ನಿಂತುಹೋಯಿತು. ಅವನ ಕೈಯ ಬೆಂಕಿಪೊಟ್ಟಣ ನೋಡಿದೆ, ತರಗು ನೋಡಿದೆ, ಶೀಟು ನೋಡಿದೆ. ಶೀಟಿನ ಮೇಲೆ ಬರೀ ನೀರು ಸುರಿದರೆ ಗಳಿಗೆಯಲ್ಲಿ ಆರುತ್ತದೆ. ತರಗು ಹೊದಿಸಿ ನೀರು ಹನಿಸಿದರೆ ತಂಪು ನಿಲ್ಲುತ್ತದೆ. ತೇವ ಹೊರಗೇ ಇರುತ್ತದೆ, ಒಳಗಿನ ಗಾಳಿ ಒಣಗಿರುತ್ತದೆ.

"ಪುಟ್ಟಸ್ವಾಮಿ, ಬೆಂಕಿಪೊಟ್ಟಣ ಜೇಬಿಗೆ ಹಾಕು. ಆ ಒದ್ದೆ ಬಟ್ಟೆ ನಿನ್ನ ಗದ್ದೇಲೇ ಬಿದ್ದಿದೆ. ಹತ್ತು ಮೇಲೆ" ಎಂದೆ.

"ನಾನ್ಯಾಕ್ ಅತ್ಲಿ? ಅವಳ ಉಳ."

ಜಯಮ್ಮ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿ ತಂದು ಗೋಡೆಗೆ ಒರಗಿಸಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಬೀದಿಯ ಜನ ಆಗಲೇ ಬಾಗಿಲಿಗೆ ಬಂದು ನೋಡುತ್ತಿದ್ದರು. ಪುಟ್ಟಸ್ವಾಮಿ ಅತ್ತ ಇತ್ತ ನೋಡಿದ. "ಇಳಿಯೇ, ಬಿದ್ದ್‌ಗಿದ್ದೀಯಾ" ಎಂದು ಗದರಿಸಿ ಏಣಿ ಹಿಡಿದವನು ತಾನೇ ಹತ್ತಿದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಜ್ವರದ ಮನೆ, ಸದ್ದಾಗಕೂಡದು. ಮಂಡ್ಯದ ಕಡೆಯವರಿಗೆ ಮೆಲ್ಲಗೆ ಮಾತಾಡಿ ಎನ್ನುವುದಕ್ಕಿಂತ ಕಷ್ಟದ ಶಿಕ್ಷೆ ಇನ್ನೊಂದಿಲ್ಲ. ಬೀದಿಯ ಜನವೆಲ್ಲ ಸಾಲಾಗಿ ನಿಂತು, ಕೈಯಿಂದ ಕೈಗೆ ತರಗಿನ ಕಟ್ಟು ದಾಟಿಸುತ್ತ, ಕಣ್ಣಲ್ಲೇ ಬೈದುಕೊಂಡರು. ಶೀಟು ಅಲುಗದಂತೆ ಹಲಗೆ ಹಾಸಿ, ಅದರ ಮೇಲೆ ಪುಟ್ಟಸ್ವಾಮಿ ಬೆಕ್ಕಿನಂತೆ ನಡೆದ. ಸೀನು ಬಂದ ಒಬ್ಬ ಹಿರಿಯರು ಮೂಗು ಹಿಡಿದುಕೊಂಡು ನಾಲೆಯ ತನಕ ಓಡಿ, ಅಲ್ಲಿ ಮನಸಾರೆ ಸೀನಿ ಬಂದರು. ನನಗೆ ರಾಮಲಿಂಗಯ್ಯನವರ ನೆನಪಾಯಿತು. ತೋಟಕ್ಕೆ ನೀರು ಹನಿಸುವ ಹಳೆಯ ಪೈಪನ್ನು ತರಗಿನ ಮೇಲೆ ಹಾಯಿಸಿ ನೀರು ಬಿಟ್ಟೆವು. ಬಿಸಿಲು ಇಳಿಯುವ ಮುಂಚೆಯೇ ಸಿಸ್ಟರ್ ಒಳಗೆ ಹೋಗಿ ಶೀಟಿಗೆ ಮತ್ತೆ ಗನ್ನು ಹಿಡಿದಳು. ಅದು ಕಿರುಚಲಿಲ್ಲ. ಅವಳು ಹೊರಗೆ ಬಂದು, ಎರಡೂ ಕೈ ಮೇಲೆತ್ತಿ, ಸದ್ದಿಲ್ಲದೆ ಕುಣಿದಳು. ಇಡೀ ಬೀದಿ ಸದ್ದಿಲ್ಲದೆ ಚಪ್ಪಾಳೆ ತಟ್ಟಿತು.

ಮಾರನೆಯ ದಿನ ಹುಳುಗಳು ಒಂದೊಂದೇ ಪೊರೆ ಬಿಟ್ಟು ಎದ್ದವು. ಅವಸರ ಮಾಡದೆ, ಎಲ್ಲವೂ ಏಳುವ ತನಕ ಕಾದು, ಜಯಮ್ಮ ಸೊಪ್ಪಿನ ರೆಂಬೆ ಹರಡಿದಳು. ಪುಟ್ಟಸ್ವಾಮಿ ಮಾಡಿನಿಂದ ಇಳಿದು, ಕಿಟಕಿಗೆ ಬೆನ್ನು ಹಾಕಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಇದ್ದಕ್ಕಿದ್ದಂತೆ ಕೂಗಿದ.

"ಜಯಾ, ಮಳೆ ಬತ್ತಾ ಅದೆ ಕಣೇ! ಒಣಗಾಕಿರೋ ಬಟ್ಟೆ ತಕ್ಕೊಳೇ!"

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಒಳಗೆ ನಾನೂ ಜಯಮ್ಮನೂ ನಕ್ಕಿದ್ದನ್ನು ಕೇಳಿ, ಅವನು ಕಿಟಕಿಗೆ ಕಿವಿ ಕೊಟ್ಟ. ಮತ್ತೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಮೊದಲ ಸಲ ಹೊಸಿಲು ದಾಟಿ ಒಳಗೆ ಬಂದ. ಕೈ ಕಟ್ಟಿ ನಿಂತು ತುಂಬ ಹೊತ್ತು ಆ ಸದ್ದು ಕೇಳಿದ. "ಇವೇ ಏನೇ ಇಂಗ್ ತಿನ್ನಾದು?" ಎಂದು ಕೇಳಿದ ದನಿಯಲ್ಲಿ ಅಣಕ ಇರಲಿಲ್ಲ. ಜಯಮ್ಮ ಒಂದು ರೆಂಬೆ ತೆಗೆದು ಅವನ ಕೈಗೆ ಕೊಟ್ಟಳು.

ಬೆಳೆ ಬಂತು. ಪಡುವಣ ಗೋಡೆಯ ಪಕ್ಕದ ಒಂದಷ್ಟು ಹುಳು ಸೆಖೆಗೆ ಹೋದವು, ಅದನ್ನು ಮುಚ್ಚಿಡುವುದಿಲ್ಲ. ಉಳಿದವು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬೆಳ್ಳಗೆ ಗೂಡು ಕಟ್ಟಿದವು. ಮುಂದಿನ ಬೆಳೆಗೂ ಜಯಮ್ಮ ಮರಿ ತಂದಳು. ಆ ಬೀದಿಯಲ್ಲಿ ತರಗಿಗೆ ಬೆಂಕಿ ಇಡುವುದೂ ಕಮ್ಮಿಯಾಯಿತು. ನೀವು ಇದನ್ನು ಓದಿ ಎಲ್ಲ ಊರಲ್ಲೂ ತರಗು ಹೊದಿಸಲು ಹೋಗಬೇಡಿ. ನೀರು ಹನಿಸದಿದ್ದರೆ ಅದೇ ಬೆಂಕಿಗೆ ಆಹಾರ, ಇಲಿಗಳಿಗೂ ಅರಮನೆ. ಪ್ರತಿ ಊರಿಗೂ ಅದರದೇ ಒದ್ದೆ ಬಟ್ಟೆ ಇರುತ್ತದೆ, ಹುಡುಕಿ. ಬಿಸಿಲು ಇನ್ನೂ ಏರುತ್ತದೆ ಎಂಬ ಭಯ ನನಗೂ ಇದೆ. ಆದರೆ ಆ ಮಧ್ಯಾಹ್ನದ ಸದ್ದಿಲ್ಲದ ಚಪ್ಪಾಳೆ ನೋಡಿದ ಮೇಲೆ ಕೈ ಚೆಲ್ಲಿ ಕೂರಲು ನನ್ನಿಂದಾಗದು.

ನಿವೃತ್ತಿಯ ತಿಂಗಳು ಹೋಗಿಬರುತ್ತೇನೆಂದು ಹೇಳಲು ಆ ಊರಿಗೆ ಹೋದೆ. ಮುಂಗಾರಿನ ಮೊದಲ ಹದಮಳೆ ಬಿದ್ದಿತ್ತು. ಜಯಮ್ಮ ಕಾಫಿ ಲೋಟ ನನ್ನ ಕೈಗೆ ಕೊಡುತ್ತಿದ್ದಳು. ಅಷ್ಟರಲ್ಲಿ ಬೀದಿ ನಡುಗಿಸಿಕೊಂಡು ಟ್ರ್ಯಾಕ್ಟರು ಬಂದು ಅಂಗಳದಲ್ಲಿ ನಿಂತಿತು. ಬೇಸಿಗೆಗೆ ಮುಂಚೆ ಹೇಳಿದ್ದ ಮಾತು. ಬೇಡವೆಂದು ಹೇಳಲು ಪುಟ್ಟಸ್ವಾಮಿ ಮರೆತನೋ, ಮನಸ್ಸೇ ಮಾಡಲಿಲ್ಲವೋ ಗೊತ್ತಾಗಲಿಲ್ಲ. ಜಯಮ್ಮನ ಕೈ ಲೋಟದ ಮೇಲೇ ನಿಂತಿತು.

"ಅಣ್ಣೋ, ಯಾವ ಕಡೆಯಿಂದ ಕೀಳ್ಲಿ?" ಎಂದು ಡ್ರೈವರು ಎಂಜಿನ್ನಿನ ಸದ್ದಿಗೆ ಮೀರಿ ಕೂಗಿದ.

ಪುಟ್ಟಸ್ವಾಮಿ ಹುಳುಮನೆಯೊಳಗಿಂದ ಓಡಿ ಬಂದ. ಕೈಯಲ್ಲಿ ಎಲೆ ಮುಗಿದ ಸೊಪ್ಪಿನ ಕಡ್ಡಿ, ಕಾಲಲ್ಲಿ ಚಪ್ಪಲಿ ಇಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ಡ್ರೈವರನ ತೋಳು ಹಿಡಿದೆಳೆದ.

"ಆಪ್ ಮಾಡ್ಲಾ ಎಂಜಿನ್ನ! ಕಿರುಚ್‌ಬ್ಯಾಡ ಕಣ್ಲಾ. ನಮ್ಮನೇಲಿ ಜ್ವರಕ್ ಕುಂತವೆ."